ತೆರೆದೇ ಉಳಿದ ತೂಬು: ಗಣಕದ ತೆರೆಮರೆಯ ಕೆಲಸಗಾರರ ಚರಿತ್ರೆ



ಒಂದು ಸಣ್ಣ ಪರೀಕ್ಷೆಯಿಂದ ನಮ್ಮ ಮಾತನ್ನು ಆರಂಭಿಸೋಣ. ಇಂದು ರಾತ್ರಿ ಮಲಗುವ ಮುನ್ನ ಮನೆಯ ಮೊಬೈಲಿನಲ್ಲಿ ಡೇಟಾ ಬಳಕೆಯ ಪುಟ ತೆರೆದು ಅಲ್ಲಿರುವ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಜಾಲ ಸಂಪರ್ಕವನ್ನು ಹಾಗೆಯೇ ಇರಗೊಡಿ. ಬೆಳಿಗ್ಗೆ ಎದ್ದೊಡನೆ, ಫೋನನ್ನು ಬೇರೆ ಯಾವ ಕೆಲಸಕ್ಕೂ ಬಳಸುವ ಮೊದಲು, ಅದೇ ಪುಟವನ್ನು ಮತ್ತೆ ನೋಡಿ. ಬಹುಮಟ್ಟಿಗೆ ಅಂಕಿ ಬೆಳೆದಿರುತ್ತದೆ. ನೀವು ನಿದ್ದೆಯಲ್ಲಿದ್ದಿರಿ, ಮನೆಯವರೂ ನಿದ್ದೆಯಲ್ಲಿದ್ದರು. ಹಾಗಾದರೆ ರಾತ್ರಿಯಿಡೀ ಯಾರು ಯಾರೊಡನೆ ಮಾತನಾಡುತ್ತಿದ್ದರು? ಅವರಿಗೆ ಅಪ್ಪಣೆ ಕೊಟ್ಟವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಲು ಸುಮಾರು 60 ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಅದಕ್ಕೂ ಮೊದಲು ನಮ್ಮ ಕೆರೆ ಏರಿಯ ಮೇಲೆ ಒಂದು ಗಳಿಗೆ ನಿಲ್ಲೋಣ. ಕೋಲಾರ, ತುಮಕೂರಿನ ಕಡೆಯ ಕೆರೆ ಆಶ್ರಿತ ಹಳ್ಳಿಗಳಲ್ಲಿ ನೀರಗಂಟಿ ಎಂಬ ಕೆಲಸಗಾರನಿದ್ದುದನ್ನು ನಿಮ್ಮ ಅಜ್ಜ ಅಜ್ಜಿಯರು ಹೇಳಿರಬಹುದು. ಹೊತ್ತು ನೋಡಿ ಕೆರೆಯ ತೂಬು ತೆರೆಯುವುದು, ಯಾವ ಗದ್ದೆಗೆ ಎಷ್ಟು ನೀರು ಎಂದು ಹರಿಸುವುದು, ಮತ್ತೆ ತೂಬು ಮುಚ್ಚುವುದು ಅವನ ಕೆಲಸ. ಊರು ಮಲಗಿದ್ದಾಗಲೂ ಅವನು ಎಚ್ಚರ. ಅವನು ಕೆಲಸ ಮಾಡುವುದನ್ನು ಯಾರೂ ನಿಂತು ನೋಡುವುದಿಲ್ಲ, ಆದರೆ ಅವನಿಲ್ಲದೆ ಬೆಳೆಯಿಲ್ಲ. ಅವನು ಊರಿಗೆ ಉತ್ತರ ಹೇಳಬೇಕಾದವನು, ಅವನ ಪಾಲಿನ ಕಾಳು ಕೊಡುತ್ತಿದ್ದುದೂ ಊರೇ. ಯಾರೂ ಉಳದ ಗದ್ದೆಯ ಕಡೆಗೆ ತೂಬು ತೆರೆದೇ ಉಳಿದರೆ, ಅಥವಾ ಪಕ್ಕದೂರಿನವರು ತಮ್ಮದೇ ಒಬ್ಬ ನೀರಗಂಟಿಯನ್ನು ಗುಟ್ಟಾಗಿ ತಂದು ಕೂರಿಸಿದರೆ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಗಣಕಯಂತ್ರದ ಚರಿತ್ರೆಯಲ್ಲಿ ಈ ಎರಡೂ ನಡೆದುಹೋಗಿವೆ.

ದ್ವಾರಪಾಲಕನ ಹೆಸರು

1961ರ ನವೆಂಬರ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ಒಂದು ಹೊಸ ಏರ್ಪಾಟನ್ನು ತೋರಿಸಿದರು. ಅಲ್ಲಿಯವರೆಗೆ ಕಂಪ್ಯೂಟರ್ ಎಂದರೆ ಒಂದು ಸಲಕ್ಕೆ ಒಬ್ಬರ ಕೆಲಸ. ಲೆಕ್ಕವನ್ನು ರಂಧ್ರದ ಕಾರ್ಡುಗಳಲ್ಲಿ ಕೊಟ್ಟು, ಗಂಟೆಗಟ್ಟಲೆ ಕಾದು, ಉತ್ತರ ಪಡೆಯಬೇಕಾಗಿತ್ತು. ಕೊರ್ಬಾಟೊ ತಂಡದ ಏರ್ಪಾಟಿನಲ್ಲಿ ಒಂದೇ ಯಂತ್ರ ಹಲವರ ನಡುವೆ ತನ್ನ ಕಾಲವನ್ನು ಸಣ್ಣ ಸಣ್ಣ ತುಣುಕುಗಳಾಗಿ ಹಂಚುತ್ತಿತ್ತು. ಪ್ರತಿಯೊಬ್ಬರಿಗೂ ಯಂತ್ರವೆಲ್ಲ ತನ್ನದೇ ಎಂಬಂತೆ ತೋರುತ್ತಿತ್ತು. ಇದಕ್ಕೆ ಕಾಲ ಹಂಚಿಕೆ ಎಂದು ಹೆಸರು.

ಹೀಗೆ ಹಲವರು ಒಂದು ಯಂತ್ರವನ್ನು ಬಳಸತೊಡಗಿದಾಗ ಮನೆಗೆಲಸವೂ ಹೆಚ್ಚಿತು. ಎಲ್ಲರ ಕಡತಗಳ ನಕಲನ್ನು ಆಗಾಗ ಟೇಪಿಗೆ ಇಳಿಸಬೇಕಾಗಿತ್ತು. ಇದನ್ನು ಯಾರೂ ಕುಳಿತು ಆಜ್ಞೆ ಕೊಡದೆಯೇ ಮಾಡುವ ಒಂದು ಕ್ರಮವಿಧಿಯನ್ನು, ಅಂದರೆ ಪ್ರೋಗ್ರಾಮನ್ನು, 1963ರ ಸುಮಾರಿಗೆ ಅವರು ಬರೆದರು. ಅದಕ್ಕಿಟ್ಟ ಹೆಸರು ‘ಡೀಮನ್’. ಹೆದರಬೇಡಿ, ಇದು ದೆವ್ವದ ಕಥೆಯಲ್ಲ. ಭೌತವಿಜ್ಞಾನ ಓದುವವರಿಗೆ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1867ರಲ್ಲಿ ಕಲ್ಪಿಸಿಕೊಂಡ ಸೂಕ್ಷ್ಮಜೀವಿಯೊಂದರ ಪರಿಚಯವಿರುತ್ತದೆ. ಎರಡು ಕೋಣೆಗಳ ನಡುವಿನ ಸಣ್ಣ ಬಾಗಿಲಲ್ಲಿ ಕುಳಿತು, ವೇಗದ ಅಣುಗಳನ್ನು ಒಂದು ಕಡೆಗೂ ನಿಧಾನದ ಅಣುಗಳನ್ನು ಇನ್ನೊಂದು ಕಡೆಗೂ ಬಿಡುತ್ತ, ದಣಿವಿಲ್ಲದೆ ದುಡಿಯುವ ದ್ವಾರಪಾಲಕ ಅದು. ಆ ಜೀವಿಯ ನೆನಪಿನಲ್ಲಿಯೇ ತಾವು ಈ ಹೆಸರಿಟ್ಟುದಾಗಿ ಕೊರ್ಬಾಟೊ ಮುಂದೆ ತಿಳಿಸಿದ್ದಾರೆ. ತೂಬಿನ ಬಾಯಲ್ಲಿ ಕುಳಿತ ನೀರಗಂಟಿಗೂ ಬಾಗಿಲಲ್ಲಿ ಕುಳಿತ ಈ ಜೀವಿಗೂ ಹೋಲಿಕೆ ಎಷ್ಟಿದೆ ನೋಡಿ!

1969ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಆರಂಭಿಸಿದರು. ಅದರಲ್ಲಿ ಇಂಥ ಕೆಲಸಗಾರರು ಹೆಚ್ಚಿದರು. ಮುದ್ರಣದ ಸರದಿಯನ್ನು ನೋಡಿಕೊಳ್ಳಲು ಒಬ್ಬ, ಗಡಿಯಾರ ನೋಡಿ ನಿಗದಿತ ಹೊತ್ತಿಗೆ ಕೆಲಸ ಆರಂಭಿಸಲು ಇನ್ನೊಬ್ಬ. ಅವುಗಳ ಹೆಸರಿನ ಕೊನೆಗೆ ಡೀಮನ್ ಪದದ ಮೊದಲ ಅಕ್ಷರವಾದ ‘ಡಿ’ ಸೇರಿಸುವ ರೂಢಿಯೂ ಬಂತು. ಈ ಕಾಲದ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಆ ಕೆಲಸಗಾರರನ್ನು ನೇಮಿಸಿದವರು ಯಂತ್ರವನ್ನು ನಡೆಸುತ್ತಿದ್ದವರೇ. ಯಾರು ಏನು ಮಾಡುತ್ತಿದ್ದಾರೆಂದು ಅವರಿಗೆ ಗೊತ್ತಿತ್ತು.

ಬಾಗಿಲುಗಳು ಹೊರಗೆ ತೆರೆದಾಗ

ಅದೇ 1969ರ ಅಕ್ಟೋಬರ್ 29ರಂದು ಕ್ಯಾಲಿಫೋರ್ನಿಯಾದ ಎರಡು ಕಂಪ್ಯೂಟರುಗಳ ನಡುವೆ ಅರ್ಪಾನೆಟ್‌ನ ಮೊದಲ ಸಂದೇಶ ಹರಿಯಿತು. 1983ರ ಜನವರಿ 1ರಂದು ಆ ಜಾಲ ಇಂದಿನ ಅಂತರಜಾಲದ ಭಾಷೆಯಾದ ಟಿಸಿಪಿ/ಐಪಿಗೆ ಬದಲಾಯಿತು. ಜಾಲಕ್ಕೆ ಸೇರಿದ ಪ್ರತಿ ಯಂತ್ರಕ್ಕೂ ಒಂದು ವಿಳಾಸ. ಆ ವಿಳಾಸದಲ್ಲಿ ಅಂಕಿ ಹಚ್ಚಿದ ಹಲವಾರು ಬಾಗಿಲುಗಳು. ಪತ್ರ ಬರುವುದಕ್ಕೆ 25ನೆಯ ಬಾಗಿಲು, ಯಂತ್ರದಲ್ಲಿ ಈಗ ಯಾರು ಕುಳಿತಿದ್ದಾರೆಂದು ವಿಚಾರಿಸುವುದಕ್ಕೆ 79ನೆಯ ಬಾಗಿಲು, ಹೀಗೆ. ಪ್ರತಿ ಬಾಗಿಲ ಹಿಂದೆ ಒಬ್ಬ ತೆರೆಮರೆಯ ಕೆಲಸಗಾರ ಕಿವಿಗೊಟ್ಟು ಕುಳಿತಿರುತ್ತಾನೆ.

ಆಗ ಜಾಲದಲ್ಲಿದ್ದವರು ವಿಶ್ವವಿದ್ಯಾಲಯಗಳ, ಸಂಶೋಧನಾಲಯಗಳ ಜನ. ಹೆಚ್ಚು ಕಡಿಮೆ ಒಬ್ಬರಿಗೊಬ್ಬರು ಪರಿಚಿತರು. ಬಾಗಿಲಿಗೆ ಅಗುಳಿ ಏಕೆ ಎಂಬ ಮನೋಭಾವ. ಈ ನಂಬಿಕೆ ಒಂದೇ ರಾತ್ರಿಯಲ್ಲಿ ಅಲುಗಾಡಿತು.

1988ರ ನವೆಂಬರ್ 2ರ ಸಂಜೆ, ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮಾರಿಸ್ ತಾನಾಗಿಯೇ ನಕಲಾಗಿ ಹರಡುವ ಒಂದು ಪ್ರೋಗ್ರಾಮನ್ನು ಜಾಲಕ್ಕೆ ಬಿಟ್ಟ. ಅದಕ್ಕೆ ದಾರಿ ಮಾಡಿಕೊಟ್ಟವರು ಇಬ್ಬರು ಕೆಲಸಗಾರರು. ಅಂಚೆ ನೋಡಿಕೊಳ್ಳುವ ಸೆಂಡ್‌ಮೇಲ್‌ನಲ್ಲಿ, ಬರೆದವರು ತಮ್ಮ ಪರೀಕ್ಷೆಯ ಅನುಕೂಲಕ್ಕಾಗಿ ಇಟ್ಟುಕೊಂಡಿದ್ದ ಒಂದು ಹಿತ್ತಿಲ ಬಾಗಿಲು ಹಲವು ಯಂತ್ರಗಳಲ್ಲಿ ಮುಚ್ಚದೆ ಉಳಿದಿತ್ತು. ಯಾರು ಕುಳಿತಿದ್ದಾರೆಂದು ಹೇಳುವ ಫಿಂಗರ್ ಎಂಬ ಕೆಲಸಗಾರ, ಕೇಳಿದ ಪ್ರಶ್ನೆ ಎಷ್ಟು ಉದ್ದವಿದೆ ಎಂದು ಅಳೆಯುತ್ತಿರಲಿಲ್ಲ. 512 ಅಕ್ಷರ ಹಿಡಿಯುವ ಪಾತ್ರೆಗೆ ಅದಕ್ಕಿಂತ ಹೆಚ್ಚು ಸುರಿದಾಗ, ತುಳುಕಿದ ಅಕ್ಷರಗಳೇ ಯಂತ್ರಕ್ಕೆ ಆಜ್ಞೆಗಳಾದವು. ಇವೆರಡರ ಜೊತೆಗೆ ಸುಲಭದ ಗುಪ್ತಪದಗಳನ್ನು ಊಹಿಸುವ ಉಪಾಯವೂ ಅದರಲ್ಲಿತ್ತು. ಆಗ ಜಾಲದಲ್ಲಿದ್ದ ಸುಮಾರು 60,000 ಯಂತ್ರಗಳಲ್ಲಿ 6,000 ಯಂತ್ರಗಳು ಸೋಂಕಿಗೆ ಸಿಕ್ಕವೆಂಬುದು ಅಂದಿನ ಅಂದಾಜು. ಒಂದೇ ಯಂತ್ರಕ್ಕೆ ಮತ್ತೆ ಮತ್ತೆ ಹೊಕ್ಕು, ಕೊನೆಗೆ ಅದು ಬೇರೆ ಕೆಲಸವನ್ನೇ ಮಾಡಲಾಗದಂತೆ ಆಯಿತು.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಹಲವು ಸಂಸ್ಥೆಗಳು ಗಾಬರಿಯಿಂದ ಜಾಲದ ತಂತಿಯನ್ನೇ ಕಿತ್ತವು. ಪರಿಹಾರದ ಸೂಚನೆಗಳು ಬರಬೇಕಾದುದೂ ಅದೇ ಜಾಲದ ಅಂಚೆಯಲ್ಲಿ! ಎಲ್ಲವನ್ನೂ ಮುಚ್ಚಿದವರಿಗೆ ಔಷಧವೂ ತಲುಪಲಿಲ್ಲ. ಈ ಪಾಠವನ್ನು ನಾವು ಮುಂದೆ ಮತ್ತೊಮ್ಮೆ ನೋಡಲಿದ್ದೇವೆ. ಘಟನೆಯ ನಂತರ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಗಣಕ ತುರ್ತು ಸ್ಪಂದನ ತಂಡ ಹುಟ್ಟಿತು. ಮಾರಿಸ್‌ಗೆ 1990ರಲ್ಲಿ ಮೂರು ವರ್ಷಗಳ ಪರಿವೀಕ್ಷಣೆ, 400 ಗಂಟೆಗಳ ಸಮಾಜಸೇವೆ ಮತ್ತು 10,050 ಡಾಲರ್ ದಂಡ ವಿಧಿಸಲಾಯಿತು.

ನಮ್ಮಲ್ಲಿಗೆ ಬಂದ ಜಾಲ

ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು ಕೇಂದ್ರವಾಗಿತ್ತು. ಸಾಮಾನ್ಯ ಜನರಿಗೆ ಅಂತರಜಾಲದ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ಟೆಲಿಫೋನ್ ತಂತಿಗೆ ಮೋಡೆಮ್ ಜೋಡಿಸಿ, ಅದು ಕೀಚು ಕೀಚು ಎಂದು ಕೂಗಿ ಸಂಪರ್ಕ ಹಿಡಿಯುವುದನ್ನು ಕಾದು ಕುಳಿತ ತಲೆಮಾರು ನಮ್ಮದು. ಜಾಲಕ್ಕೆ ಗಂಟೆಯ ಲೆಕ್ಕ, ಟೆಲಿಫೋನಿಗೆ ಕರೆಯ ಲೆಕ್ಕ.

ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಪ್ರಯೋಗಾಲಯದ ಸಹಾಯಕರು ಒಂದು ದಿನ ಬಂದು, “ಸಾರ್, ಯಾರೂ ಇಲ್ಲದಿರುವಾಗ ಮೋಡೆಮ್ ತಾನೇ ಡಯಲ್ ಮಾಡ್ತಾ ಇದೆ, ಏನು ಸಾರ್ ಇದು?” ಎಂದರು. ನಾನು ನಕ್ಕುಬಿಟ್ಟೆ. ತಿಂಗಳ ಕೊನೆಗೆ ಟೆಲಿಫೋನ್ ಬಿಲ್ಲು ಬಂದಾಗ ನಗು ನಿಂತಿತು. ಇಬ್ಬರೂ ಕುಳಿತು ಹುಡುಕಿದೆವು. ಹೊಸ ಮುದ್ರಣಯಂತ್ರದ ಜೊತೆ ಬಂದ ಸಿ.ಡಿ.ಯಿಂದ ಒಂದು ಸಹಾಯಕ ಪ್ರೋಗ್ರಾಮ್ ಸೇರಿಕೊಂಡಿತ್ತು. ಹೊಸ ಆವೃತ್ತಿ ಬಂದಿದೆಯೇ ಎಂದು ತನ್ನ ಕಂಪನಿಯನ್ನು ಕೇಳಲು ಅದು ಪದೇ ಪದೇ ಸಂಪರ್ಕ ಬೇಡುತ್ತಿತ್ತು, ವಿಂಡೋಸ್ ತಾನೇ ಡಯಲ್ ಮಾಡಿ ಕೊಡುತ್ತಿತ್ತು. ‘ತಾನಾಗಿ ಸಂಪರ್ಕಿಸು’ ಎಂಬ ಚೌಕದ ಗುರುತನ್ನು ತೆಗೆದೆವು. ಯಂತ್ರ ಆರಂಭವಾದಾಗ ತಾವೂ ಆರಂಭವಾಗುವ ಪ್ರೋಗ್ರಾಮುಗಳ ಪಟ್ಟಿಯಿಂದ ಅದರ ಹೆಸರನ್ನೂ ಅಳಿಸಿದೆವು. ಮುದ್ರಣ ಎಂದಿನಂತೆ ನಡೆಯಿತು. ಆ ಸಹಾಯಕರು ಕೇಳಿದ ಪ್ರಶ್ನೆಯೇ ಇವತ್ತಿನ ನಮ್ಮ ಪ್ರಶ್ನೆ. ಅವರ ಮಾತಿಗೆ ನಾನು ಅಂದೇ ಬೆಲೆ ಕೊಡಬೇಕಾಗಿತ್ತು.

ಕೇಳದೆಯೇ ಬಂದವರು

2000ದ ನಂತರದ ವರ್ಷಗಳಲ್ಲಿ ಈ ಪ್ರಶ್ನೆ ಲೋಕವ್ಯಾಪಿಯಾಯಿತು. ಆ ಕಾಲದ ತಂತ್ರಾಂಶ ತಯಾರಕರ ಧೋರಣೆ ಸರಳವಾಗಿತ್ತು: ಯಾರಿಗೆ ಏನು ಬೇಕಾದೀತೋ ಗೊತ್ತಿಲ್ಲ, ಆದ್ದರಿಂದ ಎಲ್ಲವನ್ನೂ ಆರಂಭಿಸಿಯೇ ಕೊಟ್ಟುಬಿಡೋಣ. ಮನೆ ಬಾಡಿಗೆಗೆ ಕೊಡುವವರು ಎಲ್ಲ ಬಾಗಿಲು ತೆರೆದು, ಎಲ್ಲ ನಲ್ಲಿ ಬಿಟ್ಟು ಕೀಲಿಕೈ ಕೊಟ್ಟಂತೆ.

2001ರ ಜುಲೈ 19ರಂದು ಕೋಡ್ ರೆಡ್ ಎಂಬ ಹುಳು 14 ಗಂಟೆಗಳೊಳಗೆ 3,59,000 ಯಂತ್ರಗಳನ್ನು ಹಿಡಿಯಿತು. ಅದು ಹೊಕ್ಕಿದ್ದು ಮೈಕ್ರೋಸಾಫ್ಟ್‌ನ ಜಾಲತಾಣ ನಡೆಸುವ ಸೇವೆಯ ಮೂಲಕ. ಆ ಸೇವೆ ತಮ್ಮ ಯಂತ್ರದಲ್ಲಿ ನಡೆಯುತ್ತಿದೆ ಎಂಬುದೇ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ. 2003ರ ಜನವರಿ 25ರಂದು ಬಂದ ಸ್ಲ್ಯಾಮರ್ ಇನ್ನೂ ವಿಸ್ಮಯಕರ. ಅದರ ಗಾತ್ರ 376 ಬೈಟ್, ಅಂದರೆ ಇಲ್ಲಿನ ಒಂದೆರಡು ಸಾಲುಗಳಷ್ಟು. ಆರಂಭದಲ್ಲಿ ಪ್ರತಿ ಎಂಟೂವರೆ ಸೆಕೆಂಡಿಗೆ ಅದರ ಸಂಖ್ಯೆ ಇಮ್ಮಡಿಸುತ್ತಿತ್ತು. ಹತ್ತು ನಿಮಿಷಗಳಲ್ಲಿ, ಸಿಗಬಹುದಾಗಿದ್ದ ಯಂತ್ರಗಳಲ್ಲಿ ಶೇಕಡಾ 90ರಷ್ಟನ್ನು ಅದು ಮುಟ್ಟಿತ್ತು. ಅದು ಹುಡುಕುತ್ತಿದ್ದುದು ಒಂದು ದತ್ತಸಂಚಯ ಸೇವೆಯನ್ನು. ಆ ಸೇವೆಯ ಚಿಕ್ಕ ರೂಪವೊಂದು ಬೇರೆ ಬೇರೆ ತಂತ್ರಾಂಶಗಳ ಒಳಗೆ ಅಡಗಿ ಬಂದು ಎಷ್ಟೋ ಯಂತ್ರಗಳಲ್ಲಿ ಸದ್ದಿಲ್ಲದೆ ನಡೆಯುತ್ತಿತ್ತು. ದೋಷ ಸರಿಪಡಿಸುವ ತೇಪೆ ಆರು ತಿಂಗಳ ಹಿಂದೆಯೇ ಬಿಡುಗಡೆಯಾಗಿತ್ತು. ಆದರೆ ತಮ್ಮಲ್ಲಿ ಇದೆಯೆಂದೇ ತಿಳಿಯದ ವಸ್ತುವಿಗೆ ಯಾರು ತಾನೇ ತೇಪೆ ಹಾಕಿಯಾರು?

ಅದೇ ವರ್ಷ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಹುಳು ಬಂತು. ಪರದೆಯ ಮೇಲೆ 60 ಸೆಕೆಂಡುಗಳ ಎಣಿಕೆ ಕಾಣಿಸಿ ಯಂತ್ರ ತಾನೇ ಮುಚ್ಚಿಕೊಳ್ಳುತ್ತಿದ್ದುದು ಆ ಕಾಲದಲ್ಲಿ ಸೈಬರ್ ಕೆಫೆ ನಡೆಸಿದವರಿಗೆ ನೆನಪಿರಬಹುದು. ವಿಂಡೋಸ್ ಎಕ್ಸ್‌ಪಿಯ ಮೆಸೆಂಜರ್ ಸೇವೆಯ ಕಥೆಯಂತೂ ತಮಾಷೆಯದು. ಇದು ಹರಟೆಯ ಸಾಧನವಲ್ಲ. ಕಚೇರಿಯ ಜಾಲದಲ್ಲಿ ‘ಇನ್ನು ಹತ್ತು ನಿಮಿಷದಲ್ಲಿ ಸರ್ವರ್ ನಿಲ್ಲುತ್ತದೆ’ ಎಂಬಂಥ ಸೂಚನೆ ಕಳಿಸಲು ಇದ್ದ ಸೇವೆ. ಮನೆಯಲ್ಲಿ ಒಂದೇ ಯಂತ್ರ ಇಟ್ಟುಕೊಂಡವರಿಗೆ ಅದರಿಂದ ಉಪಯೋಗವಿರಲಿಲ್ಲ, ಆದರೂ ಅದು ಎಲ್ಲರಲ್ಲೂ ನಡೆಯುತ್ತಿತ್ತು. ಜಾಹೀರಾತಿನವರು ಅದೇ ಬಾಗಿಲಿನಿಂದ ಪರದೆಯ ಮೇಲೆ ಚೀಟಿ ಎಸೆಯತೊಡಗಿದರು. ಇಂಥ ಚೀಟಿಗಳನ್ನು ನಿಲ್ಲಿಸುವ ತಂತ್ರಾಂಶ ಕೊಳ್ಳಿರೆಂದು ಅದೇ ಬಗೆಯ ಚೀಟಿಗಳನ್ನು ಎಸೆಯುತ್ತಿದ್ದ ವ್ಯಾಪಾರಿಗಳ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2003ರ ನವೆಂಬರ್‌ನಲ್ಲಿ ನ್ಯಾಯಾಲಯಕ್ಕೆ ಹೋಯಿತು. ಪರಿಹಾರವೋ, ಒಂದು ಸೇವೆಯನ್ನು ನಿಲ್ಲಿಸುವುದಷ್ಟೇ. ಅದಕ್ಕೆ ಕಾಸು ಬೇಕಿರಲಿಲ್ಲ, ತಿಳಿವಳಿಕೆ ಬೇಕಿತ್ತು.

ಇದಕ್ಕೆ ಎದುರಾದ ದಾರಿಯೂ ಆಗಲೇ ಇತ್ತು. 1995ರಲ್ಲಿ ಥಿಯೋ ಡಿ ರಾಟ್ ಆರಂಭಿಸಿದ ಓಪನ್‌ಬಿಎಸ್‌ಡಿ ಎಂಬ ವ್ಯವಸ್ಥೆಯಲ್ಲಿ ಅನಿವಾರ್ಯವಲ್ಲದ ಸೇವೆಗಳೆಲ್ಲ ಮೊದಲಿನಿಂದಲೇ ಮುಚ್ಚಿರುತ್ತಿದ್ದವು. ಬೇಕಾದವರು ಬೇಕಾದುದನ್ನು ಮಾತ್ರ ತೆರೆದುಕೊಳ್ಳಬೇಕು. ದೊಡ್ಡ ಕಂಪನಿಗಳೂ ನಿಧಾನವಾಗಿ ಇದನ್ನು ಒಪ್ಪಿದವು. 2004ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸೇವಾ ಕಂತಿನಲ್ಲಿ ಮೆಸೆಂಜರ್ ಸೇವೆ ಮುಚ್ಚಿಯೇ ಬಂತು. ಹೊರಗಿನ ಬಡಿತಕ್ಕೆ ಬಾಗಿಲು ತೆರೆಯದ ಫೈರ್‌ವಾಲ್ ಎಂಬ ಕಾವಲು ಗೋಡೆ ತೆರೆದೇ ಬಂತು.

ಒಳಗಿನಿಂದ ಹೊರಗೆ

ಇಲ್ಲಿಯವರೆಗೆ ಅಪಾಯ ಹೊರಗಿನಿಂದ ಒಳಗೆ ಬರುತ್ತಿತ್ತು. ಅನಂತರ ಹರಿವಿನ ದಿಕ್ಕು ಬದಲಾಯಿತು. ನೀವೇ ಮನೆಗೆ ತಂದ ವಸ್ತು ಒಳಗಿನಿಂದ ಹೊರಗೆ ಸುದ್ದಿ ಕಳಿಸತೊಡಗಿತು. ಹೊರಗಿನವರನ್ನು ತಡೆಯುವ ಕಾವಲು ಗೋಡೆ ಇದಕ್ಕೆ ಅಡ್ಡಬರುವುದಿಲ್ಲ.

2005ರ ಅಕ್ಟೋಬರ್ 31ರಂದು ಮಾರ್ಕ್ ರಸಿನೋವಿಚ್ ಎಂಬ ತಂತ್ರಜ್ಞರು ತಮ್ಮ ಶೋಧವೊಂದನ್ನು ಪ್ರಕಟಿಸಿದರು. ಸೋನಿ ಬಿಎಂಜಿ ಕಂಪನಿಯ ಸಂಗೀತದ ಸಿ.ಡಿ.ಯನ್ನು ಯಂತ್ರಕ್ಕೆ ಹಾಕಿದರೆ, ನಕಲು ತಡೆಯುವ ನೆಪದಲ್ಲಿ ಒಂದು ತಂತ್ರಾಂಶ ಒಳಸೇರಿ ತನ್ನನ್ನು ತಾನೇ ಮರೆಮಾಡಿಕೊಳ್ಳುತ್ತಿತ್ತು. ನಡೆಯುತ್ತಿರುವ ಕೆಲಸಗಳ ಪಟ್ಟಿಯಲ್ಲಿಯೂ ಕಾಣಿಸುತ್ತಿರಲಿಲ್ಲ. ಹಾಡು ನುಡಿಸುವ ಭಾಗ ಸೋನಿಯ ತಾಣವನ್ನು ಸಂಪರ್ಕಿಸಿ ಯಾವ ಸಿ.ಡಿ. ನುಡಿಯುತ್ತಿದೆ ಎಂಬ ಗುರುತನ್ನು ಕಳಿಸುತ್ತಿತ್ತು. ಆ ಮರೆಯನ್ನೇ ಬಳಸಿಕೊಂಡು ಬೇರೆ ದುಷ್ಟ ತಂತ್ರಾಂಶಗಳೂ ಅಡಗಿಕೊಂಡವು. ಗದ್ದಲವಾದ ಮೇಲೆ ನವೆಂಬರ್‌ನಲ್ಲಿ ಕಂಪನಿ ಆ ಸಿ.ಡಿ.ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಪಕ್ಕದೂರಿನ ನೀರಗಂಟಿ ಗುಟ್ಟಾಗಿ ಬಂದು ಕುಳಿತದ್ದು ಎಂದರೆ ಇದೇ.

2015ರ ಜುಲೈನಲ್ಲಿ ಬಂದ ವಿಂಡೋಸ್ 10 ಬಳಕೆಯ ವಿವರಗಳನ್ನು ತಾನಾಗಿ ಮೈಕ್ರೋಸಾಫ್ಟ್‌ಗೆ ಕಳಿಸುವ ಏರ್ಪಾಟನ್ನು ಹೊಂದಿತ್ತು. ದೋಷಗಳನ್ನು ಬೇಗ ತಿಳಿದು ಸರಿಪಡಿಸಲು ಇದು ಬೇಕು ಎಂಬುದು ಕಂಪನಿಯ ಸಮರ್ಥನೆ. ಆ ಮಾತಿನಲ್ಲಿ ಸತ್ಯವೂ ಇದೆ. ಆದರೆ ಅಗತ್ಯಕ್ಕಿಂತ ಹೆಚ್ಚನ್ನು ಕೂಡಿಸಲಾಗುತ್ತಿದೆ ಎಂದು ಫ್ರಾನ್ಸ್ ದೇಶದ ಮಾಹಿತಿ ರಕ್ಷಣಾ ಆಯೋಗ 2016ರ ಜುಲೈನಲ್ಲಿ ಕಂಪನಿಗೆ ನೀಡಿದ ನೋಟೀಸನ್ನು ಪ್ರಕಟಿಸಿತು. ಕನಿಷ್ಠ ಮಟ್ಟದಲ್ಲಿ ಕೂಡಿಸುವ ಮಾಹಿತಿಯನ್ನು ಕಂಪನಿ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸಿದ ಮೇಲೆ, 2017ರ ಜೂನ್‌ನಲ್ಲಿ ಆ ಪ್ರಕರಣ ಮುಗಿಯಿತು. ಅರ್ಧವನ್ನು ಬಿಟ್ಟೂ ಕೆಲಸ ನಡೆಯಿತು ಎಂದಮೇಲೆ ಮೊದಲು ಅಷ್ಟೆಲ್ಲ ಏಕೆ ಬೇಕಾಗಿತ್ತು? ನೀವೇ ಯೋಚಿಸಿ.

ಊರಿಗೊಬ್ಬ ಅಂಚೆಯಣ್ಣ

ಮೊಬೈಲಿನಲ್ಲಿ ಈ ಸಮಸ್ಯೆಗೆ ಮೊದಲು ಎಚ್ಚರಿಸಿದ್ದು ಬ್ಯಾಟರಿ. ಪ್ರತಿ ಆ್ಯಪ್ ತನಗೆ ಸುದ್ದಿಯಿದೆಯೇ ಎಂದು ನಿಮಿಷಕ್ಕೊಮ್ಮೆ ಕೇಳಿದರೆ ರೇಡಿಯೊ ಭಾಗಕ್ಕೆ ನಿದ್ದೆಯೇ ಇಲ್ಲ. ಸಂಜೆಯ ಹೊತ್ತಿಗೆ ಫೋನು ಸತ್ತಿರುತ್ತದೆ. 2008ರಲ್ಲಿ ಆ್ಯಪ್ ಮಳಿಗೆ ತೆರೆದಾಗ ಆ್ಯಪಲ್ ಕಂಪನಿ ಹೊರಗಿನವರ ಆ್ಯಪ್‌ಗಳಿಗೆ ತೆರೆಮರೆಯಲ್ಲಿ ಓಡುವ ಅವಕಾಶವನ್ನೇ ಕೊಡಲಿಲ್ಲ. 2009ರಲ್ಲಿ ಒಂದು ಮಧ್ಯಮಾರ್ಗ ಹುಡುಕಿತು. ಪ್ರತಿ ಮನೆಯವರೂ ಅಂಚೆ ಕಚೇರಿಗೆ ಅಲೆಯುವ ಬದಲು ಊರಿಗೊಬ್ಬನೇ ಅಂಚೆಯಣ್ಣ ಬಂದು ಕಾಗದವಿದ್ದವರ ಬಾಗಿಲು ಮಾತ್ರ ತಟ್ಟುವಂತೆ, ಎಲ್ಲ ಆ್ಯಪ್‌ಗಳ ಸುದ್ದಿಯೂ ಒಂದೇ ಸಂಪರ್ಕದಲ್ಲಿ ಬರುವ ವ್ಯವಸ್ಥೆ ಅದು. ಮೊದಲು ಧಾರಾಳವಾಗಿದ್ದ ಆಂಡ್ರಾಯ್ಡ್ ಕೂಡ 2015ರ ಆರನೆಯ ಆವೃತ್ತಿಯಲ್ಲಿ, ಫೋನು ಸುಮ್ಮನೆ ಬಿದ್ದಿರುವಾಗ ಆ್ಯಪ್‌ಗಳನ್ನು ಮಲಗಿಸುವ ಏರ್ಪಾಟನ್ನು ತಂದಿತು. 2016ರ ಏಳನೆಯ ಆವೃತ್ತಿಯಲ್ಲಿ ಡೇಟಾ ಸೇವರ್ ಬಂತು, 2017ರ ಎಂಟನೆಯ ಆವೃತ್ತಿಯಲ್ಲಿ ತೆರೆಮರೆಯ ಸೇವೆಗಳ ಮೇಲೆ ಮಿತಿಗಳು ಬಂದವು. ತೆರೆಮರೆಯ ಕೆಲಸ ನಿಂತುಹೋಗಲಿಲ್ಲ, ಅದಕ್ಕೊಂದು ಶಿಸ್ತು ಬಂತು.

ತಪ್ಪು ತೂಬು ಮುಚ್ಚಿದಾಗ

ಹಾಗಾದರೆ ಕಂಡದ್ದನ್ನೆಲ್ಲ ನಿಲ್ಲಿಸಿಬಿಡೋಣವೇ? ಅವಸರ ಮಾಡುವ ಮೊದಲು 2017ರ ಮೇ ತಿಂಗಳ ಕಥೆ ಕೇಳಿ.

ವಿಂಡೋಸ್ ಯಂತ್ರಗಳ ನಡುವೆ ಕಡತ ಹಂಚಿಕೊಳ್ಳಲು ಎಸ್‌ಎಂಬಿ ಎಂಬ ಸೇವೆಯಿದೆ. ಅದರ ಮೊದಲ ಆವೃತ್ತಿಯ ಮೂಲ 1980ರ ದಶಕದ್ದು. ಅದಕ್ಕಿಂತ ಉತ್ತಮವಾದ ಹೊಸ ಆವೃತ್ತಿಗಳು ಬಂದಿದ್ದರೂ, ಯಾರಾದರೂ ಹಳಬರು ಬಳಸಿಯಾರೆಂದು ಹಳೆಯ ಬಾಗಿಲನ್ನೂ ತೆರೆದೇ ಇಡಲಾಗಿತ್ತು. ಅದನ್ನು ನಿಲ್ಲಿಸಿ ಎಂದು ಮೈಕ್ರೋಸಾಫ್ಟ್‌ನ ತಂತ್ರಜ್ಞರು 2016ರಲ್ಲೇ ಬಹಿರಂಗವಾಗಿ ಬೇಡಿಕೊಂಡಿದ್ದರು. ಆ ಸೇವೆಯಲ್ಲಿದ್ದ ಒಂದು ದೋಷಕ್ಕೆ 2017ರ ಮಾರ್ಚ್ 14ರಂದು ತೇಪೆಯನ್ನೂ ಬಿಡುಗಡೆ ಮಾಡಿದ್ದರು. ಮೇ 12ರಂದು ವಾನಾಕ್ರೈ ಎಂಬ ಹುಳು ಅದೇ ದೋಷದಿಂದ ಒಳಹೊಕ್ಕು, ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳು ಸಿಕ್ಕಿಬಿದ್ದವು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆ ಸಂಸ್ಥೆಗಳಲ್ಲಿ ಮೂರನೇ ಒಂದು ಭಾಗಕ್ಕೆ ತೊಂದರೆಯಾಯಿತು. ಗೊತ್ತುಮಾಡಿದ್ದ ಶಸ್ತ್ರಚಿಕಿತ್ಸೆಗಳು ಮುಂದೆ ಹೋದವು. ರೋಗಿಗಳನ್ನು ಬೇರೆಡೆಗೆ ಕಳಿಸಬೇಕಾಯಿತು.

ಇಲ್ಲಿ ಎರಡು ತೆರೆಮರೆಯ ಕೆಲಸಗಾರರಿದ್ದರು. ಒಬ್ಬ ಎಸ್‌ಎಂಬಿಯ ಹಳೆಯ ಆವೃತ್ತಿ, ಯಾರಿಗೂ ಬೇಡವಾದರೂ ಬಾಗಿಲು ತೆರೆದು ಕುಳಿತವನು. ಇನ್ನೊಬ್ಬ ತೇಪೆಗಳನ್ನು ತಂದು ಹಾಕುವ ಅಪ್‌ಡೇಟ್ ಸೇವೆ. ಎರಡನೆಯವನ ಮೇಲೆ ಜನರಿಗೆ ಸಿಟ್ಟಿತ್ತು. ಕೆಲಸದ ನಡುವೆ ಯಂತ್ರವನ್ನು ಮತ್ತೆ ಆರಂಭಿಸುತ್ತಾನೆ, ಡೇಟಾ ತಿನ್ನುತ್ತಾನೆ. ಮೇಲಾಗಿ 2015-16ರಲ್ಲಿ ಹಳೆಯ ವಿಂಡೋಸ್ ಬಳಸುತ್ತಿದ್ದವರನ್ನು ವಿಂಡೋಸ್ 10ಕ್ಕೆ ಎಳೆದೊಯ್ಯಲು ಕಂಪನಿ ಇದೇ ಅಪ್‌ಡೇಟ್ ದಾರಿಯನ್ನು ಬಳಸಿತ್ತು. ಬೇಸತ್ತ ಹಲವರು ಅಪ್‌ಡೇಟನ್ನೇ ನಿಲ್ಲಿಸಿಬಿಟ್ಟರು. ಮುಚ್ಚಬೇಕಾದ ತೂಬು ತೆರೆದೇ ಉಳಿಯಿತು. ತೆರೆದಿರಬೇಕಾದ ತೂಬು ಮುಚ್ಚಿಹೋಯಿತು.

ತಪ್ಪು ಬಳಕೆದಾರರದು ಮಾತ್ರವೇ? ಸೇವಕನನ್ನು ಒಮ್ಮೆ ತನ್ನ ಸ್ವಾರ್ಥಕ್ಕೆ ಬಳಸಿಕೊಂಡ ಕಂಪನಿ, ಆಮೇಲೆ ಅದೇ ಸೇವಕ ಔಷಧ ತಂದಾಗ ಜನ ಬಾಗಿಲು ತೆರೆಯಲಿಲ್ಲವೆಂದು ದೂರುವುದು ಹೇಗೆ? ತೆರೆಮರೆಯ ಕೆಲಸ ನಡೆಯುವುದು ನಂಬಿಕೆಯ ಮೇಲೆ. ಅದು ಮುರಿದಾಗ ನಷ್ಟ ಎರಡೂ ಕಡೆಗೆ. 2017ರ ಅಕ್ಟೋಬರ್‌ನ ಆವೃತ್ತಿಯಿಂದ, ಹೊಸದಾಗಿ ಸ್ಥಾಪಿಸಿದ ವಿಂಡೋಸ್ 10ರಲ್ಲಿ ಆ ಹಳೆಯ ಸೇವೆಯನ್ನು ಕೈಬಿಡಲಾಯಿತು.

ಅಪ್ಪಣೆಯ ಪ್ರಶ್ನೆ

ಅದೇ 2017ರ ಆಗಸ್ಟ್ 24ರಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದ ತೀರ್ಪು ನೀಡಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ವಯಸ್ಸು ಎಂಬತ್ತು ದಾಟಿತ್ತು. 2024ರಲ್ಲಿ ಅವರು ತೀರಿಕೊಂಡರು. 2023ರ ಆಗಸ್ಟ್‌ನಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. ಒಪ್ಪಿಗೆ ಸ್ವತಂತ್ರವಾಗಿರಬೇಕು, ಸ್ಪಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು ಎಂಬುದು ಅದರ ಪಠ್ಯದಲ್ಲಿದೆ. ರಾತ್ರಿಯಿಡೀ ಮಾತನಾಡುವ ಫೋನಿನ ಪ್ರಶ್ನೆ ತಂತ್ರಜ್ಞಾನದ ಪ್ರಶ್ನೆಯಷ್ಟೇ ಅಲ್ಲ ಎಂಬುದು ನಿಮಗೆ ಈಗ ಅರಿವಾಗಿರಬಹುದು.

ಮಾಡಿ ನೋಡಿ

ಈಗ ನಿಮ್ಮ ಕೆಲಸ. ತೆರೆಮರೆಯಲ್ಲಿ ನಡೆಯುವ ಯಾವುದೇ ಪ್ರೋಗ್ರಾಮನ್ನು ಕಂಡಾಗ ಮೂರು ಪ್ರಶ್ನೆ ಕೇಳಿ. ಇದನ್ನು ತಂದವರು ಯಾರು? ಇದು ಯಾರ ಕೆಲಸ ಮಾಡುತ್ತಿದೆ, ನನ್ನದೋ ಇನ್ನೊಬ್ಬರದೋ? ನಿಲ್ಲಿಸಿದರೆ ಏನು ನಿಲ್ಲುತ್ತದೆ?

ಆಂಡ್ರಾಯ್ಡ್ ಫೋನಿನ ಡೇಟಾ ಬಳಕೆಯ ಪುಟದಲ್ಲಿ ಯಾವ ಆ್ಯಪ್ ಎಷ್ಟು ಬಳಸಿದೆ ಎಂಬ ಪಟ್ಟಿಯಿರುತ್ತದೆ. ಟಾರ್ಚು, ಆಟ, ಕ್ಯಾಲ್ಕುಲೇಟರ್‌ನಂಥವು ಅಲ್ಲಿ ಮೇಲಿನ ಸ್ಥಾನದಲ್ಲಿದ್ದರೆ ಅನುಮಾನಿಸಿ. ಆ ಆ್ಯಪ್‌ನ ಹೆಸರು ಒತ್ತಿ, ಹಿನ್ನೆಲೆ ಡೇಟಾ ನಿಲ್ಲಿಸಿ. ಬೇಡವಾದ ಆ್ಯಪ್ ಆದರೆ ತೆಗೆದೇ ಹಾಕಿ. ವಿಂಡೋಸ್ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಯಂತ್ರದೊಡನೆ ಆರಂಭವಾಗುವವರ ಪಟ್ಟಿಯಿಂದ ಬೇಡದವರನ್ನು ಬಿಡಿಸಿ. ಸೇವೆಗಳ ಪಟ್ಟಿಯಲ್ಲಿ ಕೈಯಿಡುವ ಮುನ್ನ, ಈಗಿರುವ ಸ್ಥಿತಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ದಿನ ನೋಡಿ. ಪೂರ್ತಿ ಮುಚ್ಚುವ ಬದಲು ‘ಕರೆದಾಗ ಮಾತ್ರ’ ಎಂಬರ್ಥದ ಮ್ಯಾನುಯಲ್ ಆಯ್ಕೆ ಹಲವು ಸಲ ಸಾಕಾಗುತ್ತದೆ. ಅಪ್‌ಡೇಟ್, ವೈರಸ್ ಕಾವಲು, ಗಡಿಯಾರ ಸರಿಪಡಿಸುವ ಸೇವೆ, ಈ ಮೂವರನ್ನು ಮುಟ್ಟಬೇಡಿ. ಅಪ್‌ಡೇಟ್ ತೊಂದರೆಯಾದರೆ ಅದಕ್ಕೆ ಹೊತ್ತು ಗೊತ್ತುಮಾಡಿ, ಕೆಲಸದಿಂದ ತೆಗೆಯಬೇಡಿ. ಶಾಲೆಯ ಅಥವಾ ಕಾಲೇಜಿನ ಯಂತ್ರವಾದರೆ ಮೊದಲು ಅದರ ಹೊಣೆ ಹೊತ್ತವರನ್ನು ಕೇಳಿ.

ಮುಗಿದ ಮೇಲೆ ಮೊದಲಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ರಾತ್ರಿಯ ಅಂಕಿ, ಬೆಳಗಿನ ಅಂಕಿ ಎರಡನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ಅಂಕಿ ಸೊನ್ನೆಗೆ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಉಳಿದ ಆ ಸ್ವಲ್ಪ ಯಾರ ಕೆಲಸಕ್ಕೆ ಹೋಯಿತೆಂದು ನೀವು ಹೆಸರು ಹಿಡಿದು ಹೇಳಬಲ್ಲಿರಾದರೆ ಸಾಕು. ಕೆರೆ ನಿಮ್ಮದು, ನೀರಗಂಟಿಯನ್ನು ನೇಮಿಸುವ ಹಕ್ಕೂ ನಿಮ್ಮದೇ.